ಎರಡು ಫ್ಲ್ಯಾಟ್, ಒಂದು ಮನೆ: ಗೋಡೆಗೆ ಕೈಹಚ್ಚುವ ಮುನ್ನ

ಪಕ್ಕದ ಫ್ಲ್ಯಾಟನ್ನು ಕೊಂಡು, ನಡುವಿನ ಗೋಡೆ ತೆಗೆದು, ಎರಡನ್ನೂ ಒಂದೇ ಮನೆಯಾಗಿ ಮಾಡಿಕೊಳ್ಳುವ ಬಗ್ಗೆ ಈ ಅಂಕಣಕ್ಕೆ ಹಲವು ಪತ್ರಗಳು ಬಂದಿವೆ. ಕುಟುಂಬ ಬೆಳೆದಿದೆ, ವಯಸ್ಸಾದ ತಂದೆತಾಯಿ ಜೊತೆಗೆ ಬಂದಿದ್ದಾರೆ, ಮನೆಯಿಂದಲೇ ಕೆಲಸ ಮಾಡುವವರಿಗೆ ಪ್ರತ್ಯೇಕ ಕೋಣೆ ಬೇಕಾಗಿದೆ. ಆದರೆ ಒಗ್ಗಿಹೋದ ಕಟ್ಟಡವನ್ನೂ ನೆರೆಹೊರೆಯನ್ನೂ ಬಿಟ್ಟು ಹೋಗಲು ಮನಸ್ಸಿಲ್ಲ ಎಂಬುದು ಬಹುತೇಕ ಪತ್ರಗಳ ಸಾರ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದು, ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಫ್ಲ್ಯಾಟಿಗೆ ಹೊಂದಿಕೊಂಡಿರುವ ಇನ್ನೊಂದು ಫ್ಲ್ಯಾಟನ್ನು ಇತ್ತೀಚೆಗೆ ಕೊಂಡೆವು. ಎರಡರ ಹಾಲ್‌ಗಳ ನಡುವೆ ಇರುವುದು ಒಂದೇ ಗೋಡೆ. ಅದನ್ನು ಪೂರ್ತಿ ತೆಗೆದರೆ ವಿಶಾಲವಾದ ಹಾಲ್ ಸಿಗುತ್ತದೆ ಎಂಬುದು ನಮ್ಮ ಆಸೆ. ಗುತ್ತಿಗೆದಾರರು ಗೋಡೆಯನ್ನು ತಟ್ಟಿ ನೋಡಿ, ಇದು ಭಾರ ಹೊರುವ ಗೋಡೆಯಲ್ಲ, ಧೈರ್ಯವಾಗಿ ಒಡೆಯಬಹುದು ಎನ್ನುತ್ತಿದ್ದಾರೆ. ಅವರ ಮಾತನ್ನು ನಂಬಿ ಕೆಲಸ ಶುರು ಮಾಡಬಹುದೇ?

ಉತ್ತರ: ದಯವಿಟ್ಟು ಶುರು ಮಾಡಬೇಡಿ. ಗುತ್ತಿಗೆದಾರರು ಹೇಳಿದ್ದು ನಿಜವೇ ಇರಬಹುದು, ಆದರೆ ಗೋಡೆಯನ್ನು ತಟ್ಟಿ ನೋಡಿ ಅದನ್ನು ನಿರ್ಧರಿಸಲು ಯಾರಿಂದಲೂ ಸಾಧ್ಯವಿಲ್ಲ. ಗೋಡೆಯ ದಪ್ಪವೂ ನಂಬಿಕೆಗೆ ಅರ್ಹವಾದ ಗುರುತಲ್ಲ. 230 ಮಿಲಿಮೀಟರ್ ದಪ್ಪದ ಇಟ್ಟಿಗೆಯ ಗೋಡೆ ಕಂಬ ಮತ್ತು ಬೀಮುಗಳ ನಡುವೆ ಕೇವಲ ಮರೆಯಾಗಿ ನಿಂತಿರಬಹುದು; ಅದರ ಅರ್ಧದಷ್ಟೂ ದಪ್ಪವಿಲ್ಲದ ಕಾಂಕ್ರೀಟ್ ಗೋಡೆ ಮೇಲಿನ ಎಲ್ಲ ಮಹಡಿಗಳ ಭಾರವನ್ನು ಹೊತ್ತಿರಬಹುದು.

ಮೊದಲು ತಿಳಿಯಬೇಕಾದದ್ದು ನಿಮ್ಮ ಕಟ್ಟಡ ಯಾವ ಬಗೆಯದು ಎಂಬುದನ್ನು. ಕಂಬ, ಬೀಮು, ಸ್ಲ್ಯಾಬುಗಳು ಸೇರಿ ಭಾರ ಹೊರುವ ಚೌಕಟ್ಟಿನ ಕಟ್ಟಡವಾದರೆ ಒಳಗಿನ ಬಹುತೇಕ ಗೋಡೆಗಳು ನಂತರ ಕಟ್ಟಿ ತುಂಬಿದವು. ಹಳೆಯ ಕಡಿಮೆ ಎತ್ತರದ ಕಟ್ಟಡಗಳಲ್ಲಿ ಇಟ್ಟಿಗೆ ಅಥವಾ ಕಲ್ಲಿನ ಗೋಡೆಗಳೇ ಸ್ಲ್ಯಾಬನ್ನು ಹೊರುತ್ತವೆ. ಮೂರನೆಯ ಬಗೆಯ ಕಟ್ಟಡಗಳಲ್ಲಿ, ಅಂದರೆ ಅಲ್ಯೂಮಿನಿಯಂ ಅಚ್ಚುಗಳನ್ನು ಜೋಡಿಸಿ ಗೋಡೆಯನ್ನೂ ಸ್ಲ್ಯಾಬನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ದ ಅಥವಾ ಕಾರ್ಖಾನೆಯಲ್ಲಿ ತಯಾರಾದ ಕಾಂಕ್ರೀಟ್ ಹಲಗೆಗಳನ್ನು ತಂದು ಜೋಡಿಸಿದ ಕಟ್ಟಡಗಳಲ್ಲಿ, ಕಂಬ ಎಂಬುದೇ ಕಾಣಿಸದಿರಬಹುದು, ಏಕೆಂದರೆ ಅಲ್ಲಿ ಗೋಡೆಗಳೇ ಕಂಬಗಳ ಕೆಲಸವನ್ನು ಮಾಡುತ್ತಿರುತ್ತವೆ. ಎರಡು ಫ್ಲ್ಯಾಟುಗಳ ನಡುವಿನ ಗೋಡೆ ಅಂಥ ಕಟ್ಟಡದಲ್ಲಿ ಬಹುಪಾಲು ಮುಖ್ಯ ಗೋಡೆಯೇ ಆಗಿರುತ್ತದೆ. ನಿಮ್ಮದು ಈ ಬಗೆಯದಾದರೆ ಪೂರ್ತಿ ಗೋಡೆ ತೆಗೆಯುವ ಆಸೆಯನ್ನು ಇಲ್ಲಿಯೇ ಬಿಡುವುದು ಒಳ್ಳೆಯದು.

ಹಲಗೆ ಜೋಡಿಸಿದ ಕಟ್ಟಡದಲ್ಲಿ ಒಂದು ಗೋಡೆ ಹೋದರೆ ಏನಾಗುತ್ತದೆ ಎಂಬುದನ್ನು ಲೋಕ 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಗಳ ವಸತಿ ಕಟ್ಟಡದಲ್ಲಿ ಕಂಡಿತು. 18ನೆಯ ಮಹಡಿಯ ಮೂಲೆಯ ಫ್ಲ್ಯಾಟಿನಲ್ಲಿ ಬೆಳಗಿನ ಹೊತ್ತು ಅಡುಗೆ ಅನಿಲ ಸ್ಫೋಟಿಸಿತು. ಸ್ಫೋಟ ಅಷ್ಟೇನೂ ದೊಡ್ಡದಲ್ಲ. ಆ ಮನೆಯಾಕೆ ಬದುಕಿ ಉಳಿದರು. ಆದರೆ ಭಾರ ಹೊರುವ ಗೋಡೆಯ ಹಲಗೆ ಹೊರಕ್ಕೆ ತಳ್ಳಿಹೋದದ್ದರಿಂದ ಅದರ ಮೇಲಿನ ಮಹಡಿಗಳು ಆಧಾರ ತಪ್ಪಿ ಕುಸಿದವು, ಅವುಗಳ ಹೊಡೆತಕ್ಕೆ ಕೆಳಗಿನವೂ ಕುಸಿದವು. ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಇಲ್ಲವಾಗಿ ನಾಲ್ವರು ಸತ್ತರು. ಜನ ವಾಸಕ್ಕೆ ಬಂದು ಇನ್ನೂ ಕೆಲವೇ ತಿಂಗಳುಗಳಾಗಿದ್ದ ಕಟ್ಟಡ ಅದು. ನಿಮ್ಮ ಮನೆಯಲ್ಲಿ ಸ್ಫೋಟ ಆಗುವುದಿಲ್ಲ, ನಿಜ. ಆದರೆ ಗೋಡೆಯನ್ನು ಸ್ಫೋಟ ತೆಗೆದರೂ ಸುತ್ತಿಗೆ ತೆಗೆದರೂ ಅದರ ಮೇಲಿದ್ದ ಭಾರ ಹೋಗಿ ಸೇರಲು ಬೇರೆ ದಾರಿ ಬೇಕೇ ಬೇಕು.

ಆದ್ದರಿಂದ ಗುತ್ತಿಗೆದಾರರಿಗಿಂತ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಮನೆಯ ನಕ್ಷೆಯನ್ನು ಬರೆಯುವ ಆರ್ಕಿಟೆಕ್ಟ್ ಬೇರೆ, ಭಾರದ ಲೆಕ್ಕ ಹಾಕುವ ಈ ಎಂಜಿನಿಯರ್ ಬೇರೆ, ಇಬ್ಬರೂ ಬೇಕು. ಅವರು ಮೊದಲು ಕಟ್ಟಡದ ಸ್ಟ್ರಕ್ಚರಲ್ ನಕ್ಷೆಗಳನ್ನು ಕೇಳುತ್ತಾರೆ. ಅವು ಕಟ್ಟಿದವರ ಬಳಿ, ನಿವಾಸಿಗಳ ಸಂಘದಲ್ಲಿ ಅಥವಾ ಕಟ್ಟಡಕ್ಕೆ ಅನುಮತಿ ನೀಡಿದ ಕಚೇರಿಯಲ್ಲಿ ಸಿಗಬಹುದು. ನಂತರ ಗೋಡೆಯ ಮೇಲ್ತುದಿಯಲ್ಲಿ, ಸ್ಲ್ಯಾಬು ಅಥವಾ ಬೀಮಿಗೆ ತಾಗುವ ಕಡೆ, ಅಂಗೈಯಗಲದಷ್ಟು ಪ್ಲಾಸ್ಟರ್ ತೆಗೆಸಿ ಒಳಗೆ ಏನಿದೆ ಎಂದು ನೋಡುತ್ತಾರೆ. ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಪತ್ತೆಹಚ್ಚುವ ಉಪಕರಣವನ್ನು ಗೋಡೆಯ ಉದ್ದಕ್ಕೂ ಆಡಿಸಿ, ಎಲ್ಲಿಯಾದರೂ ಕಂಬ ಅಡಗಿದೆಯೇ ಎಂದು ಪರೀಕ್ಷಿಸುತ್ತಾರೆ. ಮೇಲಿನ ಮತ್ತು ಕೆಳಗಿನ ಮನೆಗಳಲ್ಲಿ ಅದೇ ಜಾಗದಲ್ಲಿ ಗೋಡೆ ಇದೆಯೇ ಎಂಬುದನ್ನೂ ನೋಡಬೇಕು. ಸ್ಲ್ಯಾಬಿನೊಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಹುರಿಗಳಿರುವ, ಪೋಸ್ಟ್ ಟೆನ್ಶನ್ ಎಂದು ಕರೆಯುವ ಬಗೆಯ ಕಟ್ಟಡವಾದರೆ, ಆ ಹುರಿಗಳು ಎಲ್ಲಿವೆ ಎಂದು ಗುರುತಿಸದೆ ನೆಲಕ್ಕಾಗಲೀ ಚಾವಣಿಗಾಗಲೀ ಡ್ರಿಲ್ ತಾಗಿಸಬಾರದು. ತುಂಡಾದ ಹುರಿ ಅಪಾರ ರಭಸದಿಂದ ಸಿಡಿಯುತ್ತದೆ.

ಎಲ್ಲ ಪರೀಕ್ಷೆಯಾಗಿ, ಗೋಡೆ ಕೇವಲ ತುಂಬಿದ ಗೋಡೆ ಎಂದು ಲಿಖಿತವಾಗಿ ತಿಳಿದುಬಂದರೂ ಅದನ್ನು ಪೂರ್ತಿ ತೆಗೆಯಬೇಡಿ ಎಂಬುದು ನನ್ನ ಸಲಹೆ. ಭೂಕಂಪದ ಸಾಧ್ಯತೆಯಿರುವ ಪ್ರದೇಶಗಳಲ್ಲಿ ಇಂಥ ಗೋಡೆಗಳೂ ಕಟ್ಟಡ ಅತ್ತಿತ್ತ ಓಲಾಡದಂತೆ ಒಂದಿಷ್ಟು ಬಿಗಿತವನ್ನು ಕೊಡುತ್ತವೆ. ಒಂದೇ ಮಹಡಿಯಲ್ಲಿ ಅವನ್ನು ತೆಗೆದುಹಾಕಿದರೆ ಆ ಮಹಡಿ ಉಳಿದವುಗಳಿಗಿಂತ ದುರ್ಬಲವಾಗುತ್ತದೆ. ಅದಕ್ಕಿಂತಲೂ ನಿತ್ಯದ ಬದುಕಿಗೆ ಹತ್ತಿರವಾದ ಕಾರಣವೊಂದಿದೆ. ಎರಡು ಮನೆಗಳನ್ನು ಕೂಡಿಸಿದ ಅನೇಕ ಕಡೆ ನಾನು ಕಂಡಿರುವುದೇನೆಂದರೆ, ಬಹು ಆಸೆಯಿಂದ ಮಾಡಿಸಿದ ಆ ದೊಡ್ಡ ಹಾಲಿನಲ್ಲಿ ಟಿವಿಯ ಸದ್ದು, ಮಕ್ಕಳ ಓದು, ಹಿರಿಯರ ವಿಶ್ರಾಂತಿ ಎಲ್ಲವೂ ಒಂದಕ್ಕೊಂದು ತೊಡಕಾಗಿ, ಕೊನೆಗೆ ನಡುವೆ ಕಪಾಟನ್ನೋ ತಡಿಕೆಯನ್ನೋ ತಂದು ನಿಲ್ಲಿಸಿರುತ್ತಾರೆ. 120ರಿಂದ 150 ಸೆಂಟಿಮೀಟರ್ ಅಗಲದ ಒಂದೇ ಒಂದು ತೆರಪು, ಅದೂ ಸರಿಯಾದ ಜಾಗದಲ್ಲಿ, ಎರಡು ಮನೆಗಳನ್ನು ಒಂದು ಮಾಡಲು ಧಾರಾಳವಾಗಿ ಸಾಕು. ಅದಕ್ಕೆ ಬಾಗಿಲು ಹಾಕಿಸಿದರೆ ಬೇಕೆಂದಾಗ ಸದ್ದನ್ನು ತಡೆಯಬಹುದು. ಉಳಿದ ಗೋಡೆಗೆ ಸೋಫಾ, ಪುಸ್ತಕದ ಕಪಾಟು ಆತುಕೊಳ್ಳುತ್ತವೆ. ಮುಂದೆಂದಾದರೂ ಎರಡು ಮನೆಗಳಾಗಿ ಬೇರ್ಪಡಿಸಬೇಕಾದರೆ ಮುಚ್ಚಬೇಕಾದದ್ದು ಆ ಒಂದು ತೆರಪನ್ನು ಮಾತ್ರ.

ತೆರಪು ಎಲ್ಲಿರಬೇಕು ಎಂಬುದರ ಮೇಲೆ ಇಡೀ ಮನೆಯ ಓಡಾಟ ನಿಂತಿದೆ. ಒಬ್ಬರ ಮಲಗುವ ಕೋಣೆಯನ್ನು ಹಾದು ಇನ್ನೊಂದು ಮನೆಗೆ ಹೋಗಬೇಕಾದ ಸ್ಥಿತಿ ಬರಬಾರದು; ಹಾಲಿನಿಂದ ಹಾಲಿಗೆ ಅಥವಾ ಊಟದ ಜಾಗದಿಂದ ಓಣಿಗೆ ದಾರಿಯಿರಲಿ. ಸಾಧ್ಯವಾದರೆ ಗೋಡೆ ಮುಟ್ಟುವ ಮೊದಲು ಕೆಲಕಾಲ ಎರಡೂ ಫ್ಲ್ಯಾಟುಗಳನ್ನು ಅವುಗಳ ಮುಂಬಾಗಿಲುಗಳ ಮೂಲಕವೇ ಬಳಸಿ ನೋಡಿ. ಯಾರು, ಯಾವ ಹೊತ್ತಿನಲ್ಲಿ, ಏತಕ್ಕಾಗಿ ಆಚೆ ಮನೆಗೆ ಹೋಗುತ್ತಾರೆ ಎಂಬುದು ಗೊತ್ತಾದ ಮೇಲೆ ದಾರಿಯ ಜಾಗ ತಾನಾಗಿಯೇ ಸ್ಪಷ್ಟವಾಗುತ್ತದೆ.

ಕೆಲಸ ನಡೆಯುವಾಗ ಒಂದು ಕ್ರಮವನ್ನು ತಪ್ಪದೆ ಪಾಲಿಸಬೇಕು. ಭಾರ ಹೊರುವ ಇಟ್ಟಿಗೆಯ ಗೋಡೆಯಲ್ಲಿ ತೆರಪು ಮಾಡುವಾಗ ಮೊದಲು ಎರಡೂ ಬದಿ ಆಧಾರದ ಕಂಬಗಳನ್ನು ಕೊಟ್ಟು, ತೆರಪಿನ ಮೇಲೆ ಭಾರ ಹೊರುವ ಅಡ್ಡ ತೊಲೆಯಾದ ಲಿಂಟಲನ್ನು ಕೂರಿಸಿ, ಅದು ಗಟ್ಟಿಯಾದ ನಂತರವೇ ಕೆಳಗಿನ ಭಾಗವನ್ನು ತೆಗೆಯುತ್ತಾರೆ. ಲಿಂಟಲಿನ ಎರಡೂ ತುದಿಗಳು ಗೋಡೆಯೊಳಗೆ ಸಾಮಾನ್ಯವಾಗಿ 150ರಿಂದ 200 ಮಿಲಿಮೀಟರಿನಷ್ಟು ಕೂತಿರಬೇಕು. ತೆರಪಿನ ಅಂಚನ್ನು ಗರಗಸದ ಯಂತ್ರದಿಂದ ಕೊಯ್ದರೆ ಉಳಿಯುವ ಗೋಡೆಗೆ ಪೆಟ್ಟು ಬೀಳುವುದಿಲ್ಲ. ಬ್ರೇಕರಿನಿಂದ ಹೊಡೆದರೆ ಬಿರುಕು ಎಲ್ಲಿಯವರೆಗೆ ಓಡುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ.

ಪ್ರಶ್ನೆ: ಕೂಡಿಸಿದ ಮನೆಯಲ್ಲಿ ಎರಡು ಅಡುಗೆಮನೆ ಬೇಡ. ಒಂದನ್ನು ಮಲಗುವ ಕೋಣೆಯಾಗಿ ಮಾಡಿ, ಅದರ ಇನ್ನೊಂದು ಬದಿಯಲ್ಲಿ ಹೊಸ ಶೌಚಾಲಯ ಕಟ್ಟಿಸಬೇಕೆಂದಿದ್ದೇವೆ. ಪೈಪುಗಳನ್ನು ನೆಲದೊಳಗೆ ಎಳೆದರಾಯಿತು ಎಂದು ಪ್ಲಂಬರ್ ಹೇಳುತ್ತಾರೆ. ಇದು ಸರಿಯೇ?

ಉತ್ತರ: ಶುದ್ಧ ನೀರಿನ ಪೈಪನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು, ಏಕೆಂದರೆ ಅದರಲ್ಲಿ ಒತ್ತಡವಿದೆ. ಕೊಳೆನೀರಿಗೆ ಇರುವುದು ಇಳಿಜಾರು ಮಾತ್ರ. ಶೌಚಾಲಯದಿಂದ ಹೊರಡುವ 110 ಮಿಲಿಮೀಟರ್ ಪೈಪಿಗೆ 40 ಮೀಟರಿಗೆ ಒಂದು ಮೀಟರ್ ಇಳಿಜಾರು ಕೊಡುವುದು ರೂಢಿ ಎಂದಿಟ್ಟುಕೊಳ್ಳಿ. ಹಾಗಾದರೆ ಪ್ರತಿ ಮೀಟರಿಗೆ 25 ಮಿಲಿಮೀಟರ್ ಇಳಿಯಬೇಕು. ಎಲ್ಲ ಮಹಡಿಗಳ ಕೊಳೆನೀರನ್ನು ಮೇಲಿನಿಂದ ಕೆಳಕ್ಕೆ ಇಳಿಸುವ ನೇರ ಪೈಪು ನಿಮ್ಮ ಹೊಸ ಶೌಚಾಲಯದಿಂದ ನಾಲ್ಕು ಮೀಟರ್ ದೂರವಿದ್ದರೆ ಇಳಿಜಾರಿಗೇ 100 ಮಿಲಿಮೀಟರ್, ಪೈಪಿನ ದಪ್ಪ 110 ಮಿಲಿಮೀಟರ್. ಮೇಲಿನ ಗಾರೆ, ಟೈಲ್ಸ್ ಸೇರಿಸದೆಯೇ 21 ಸೆಂಟಿಮೀಟರ್ ಆಯಿತು. ಅಷ್ಟು ಆಳ ಸಾಮಾನ್ಯ ಕೋಣೆಯ ನೆಲದಲ್ಲಿ ಇರುವುದಿಲ್ಲ. ಆಳ ಸಿಗಲಿ ಎಂದು ಸ್ಲ್ಯಾಬನ್ನು ಕೊರೆಯುವುದು ಎಂದಿಗೂ ಸಲ್ಲದು. ನೆಲವನ್ನೇ ಎತ್ತರಿಸಿದರೆ ಶೌಚಾಲಯಕ್ಕೆ ಮೆಟ್ಟಿಲು ಹತ್ತಬೇಕಾಗುತ್ತದೆ, ಇಳಿಜಾರು ಕಡಿಮೆ ಮಾಡಿದರೆ ಪೈಪು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ.

ಕೆಳಗಿನ ಮನೆಯವರನ್ನೂ ನೆನೆಯಬೇಕು. ಬಹುಮಹಡಿ ಕಟ್ಟಡಗಳಲ್ಲಿ ಬಚ್ಚಲಿನ ಮೇಲೆ ಬಚ್ಚಲು, ಅಡುಗೆಮನೆಯ ಮೇಲೆ ಅಡುಗೆಮನೆ ಬರುವಂತೆ ಕಟ್ಟಿರುವುದರಿಂದ, ನೀರು ಜಿನುಗಿದರೂ ಅದು ಇನ್ನೊಂದು ಬಚ್ಚಲಿನ ಚಾವಣಿಗೆ ಇಳಿಯುತ್ತದೆ. ನೀವು ಹೊಸದಾಗಿ ಕಟ್ಟುವ ಶೌಚಾಲಯ ಅವರ ಮಂಚದ ಮೇಲೆ ಬರುತ್ತದೆ. ಅನೇಕ ಕಟ್ಟಡಗಳ ನಿಯಮಗಳು ಇದನ್ನು ನಿಷೇಧಿಸಿರುವುದಕ್ಕೆ ಸಕಾರಣವಿದೆ, ಮತ್ತು ನಿಷೇಧವಿಲ್ಲದ ಕಡೆಯೂ ನಾನು ಇದನ್ನು ಒಪ್ಪುವುದಿಲ್ಲ. ಹೊಸ ಬಚ್ಚಲು ಬೇಕೇ ಬೇಕಾದರೆ ಕೈಬಿಡುತ್ತಿರುವ ಅಡುಗೆಮನೆಯ ಒದ್ದೆ ಭಾಗದಲ್ಲಿಯೇ, ನೇರ ಪೈಪಿಗೆ ಹತ್ತಿರವಾಗಿ ಮಾಡಬಹುದೇ ಎಂದು ಕೇಳಿ. ಅಲ್ಲಿಯೂ ಒಂದು ಎಚ್ಚರ ಬೇಕು: ಸಿಂಕಿನ ನೀರಿಗೆಂದು ಹಾಕಿದ ಸಣ್ಣ ಪೈಪಿಗೆ ಶೌಚಾಲಯವನ್ನು ಜೋಡಿಸಲಾಗದು. ಹಾಗಾಗಿ ಬಹಳ ಕಡೆ ಆ ಜಾಗವನ್ನು ಬಟ್ಟೆ ಒಗೆಯುವ ಕೋಣೆಯಾಗಿ ಉಳಿಸಿಕೊಳ್ಳುವುದೇ ಜಾಣತನವಾಗುತ್ತದೆ.

ಕೈಬಿಟ್ಟ ಅಡುಗೆಮನೆಯ ಬಾಯಿಗಳನ್ನು ಹೇಗೆ ಮುಚ್ಚುತ್ತೀರಿ ಎಂಬುದಕ್ಕೆ ಪ್ಲಂಬರುಗಳು ಕೊಡುವುದಕ್ಕಿಂತ ಹೆಚ್ಚಿನ ಗಮನ ಕೊಡಿ. ಸಿಂಕಿನ ಕೆಳಗೂ ನೆಲದ ಜಾಲರಿಯ ಕೆಳಗೂ ಇರುವ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ಆಳದ ನೀರು ಸದಾ ನಿಂತಿರುತ್ತದೆ, ಒಳಚರಂಡಿಯ ಗಾಳಿ ಮನೆಯೊಳಗೆ ಬರದಂತೆ ತಡೆಯುವುದು ಆ ನೀರೇ. ಬಳಕೆ ನಿಂತ ಮೇಲೆ ಅದು ಕೆಲವು ವಾರಗಳಲ್ಲಿ ಆರಿಹೋಗುತ್ತದೆ. ಆಗ ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ದುರ್ವಾಸನೆ, ಅದರ ಹಿಂದೆಯೇ ಜಿರಲೆಗಳು ಬರುತ್ತವೆ. ಮೇಲೆ ಟೈಲ್ಸ್ ಹಾಕಿ ಮುಚ್ಚಿದರೆ ಸಾಲದು. ಪೈಪಿನ ಬಾಯಿಗೇ ಗಾಳಿಯಾಡದಂಥ ಮುಚ್ಚಳ ಕೂರಿಸಿ, ಅದರ ಜಾಗವನ್ನು ಅಳತೆ ಸಹಿತ ಫೋಟೊ ತೆಗೆದಿಟ್ಟು, ಮುಂದೆ ಬೇಕಾದಾಗ ತೆರೆಯಲು ಬರುವಂತೆ ಇರಿಸಿ. ಅನಿಲದ ಕೊಳವೆಯಿದ್ದರೆ ಅದನ್ನು ಕತ್ತರಿಸಿ ಮುಚ್ಚುವ ಕೆಲಸವನ್ನು ಸರಬರಾಜು ಸಂಸ್ಥೆಯ ಅಧಿಕೃತ ಕೆಲಸಗಾರರೇ ಮಾಡಬೇಕು.

ಪ್ರಶ್ನೆ: ತೆರಪು ಮಾಡಿದ ಮೇಲೆ ನೋಡಿದರೆ ಎರಡು ಮನೆಗಳ ನೆಲಕ್ಕೆ ಸುಮಾರು ಒಂದು ಇಂಚು ವ್ಯತ್ಯಾಸವಿದೆ. ತಗ್ಗಿನಲ್ಲಿರುವ ಮನೆಯ ಹಳೆಯ ಟೈಲ್ಸಿನ ಮೇಲೆಯೇ ಗಾರೆ ಹಾಕಿ, ಇಡೀ ಮನೆಗೆ ಒಂದೇ ಬಗೆಯ ಹೊಸ ಟೈಲ್ಸ್ ಹಾಕಿಸಬಹುದೇ?

ಉತ್ತರ: ಲೆಕ್ಕ ಹಾಕಿ ನೋಡೋಣ. ಸಿಮೆಂಟಿನ ಗಾರೆ ಘನ ಮೀಟರಿಗೆ ಸುಮಾರು 2,000 ಕಿಲೋ ತೂಗುತ್ತದೆ. 25 ಮಿಲಿಮೀಟರ್ ದಪ್ಪ ಹಾಕಿದರೆ ಪ್ರತಿ ಚದರ ಮೀಟರಿಗೆ 50 ಕಿಲೋ. ಟೈಲ್ಸ್ ಮತ್ತು ಅದರ ಅಂಟು ಸೇರಿ ಇನ್ನೂ 25 ಕಿಲೋ ಎನ್ನಿ. ವಾಸದ ಮನೆಯ ಸ್ಲ್ಯಾಬನ್ನು ಜನ ಮತ್ತು ಸಾಮಾನುಗಳ ಭಾರಕ್ಕಾಗಿ ಚದರ ಮೀಟರಿಗೆ 150ರಿಂದ 200 ಕಿಲೋ ಎಂದು ಲೆಕ್ಕ ಹಿಡಿದು ವಿನ್ಯಾಸ ಮಾಡುವುದು ಅನೇಕ ದೇಶಗಳ ಪದ್ಧತಿ. ನೀವು ಹೊಸದಾಗಿ ಹೇರಲು ಹೊರಟಿರುವ 75 ಕಿಲೋ, ಒಂದು ಕುರ್ಚಿ ಇಡುವ ಮೊದಲೇ, ಆ ಅವಕಾಶದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತಿಂದುಬಿಡುತ್ತದೆ. ಇದರ ಮೇಲೆ ಹೊಸ ಇಟ್ಟಿಗೆ ಗೋಡೆ, ದಪ್ಪ ಗ್ರಾನೈಟ್, ನೀರು ತುಂಬಿದ ದೊಡ್ಡ ಟಬ್ಬು ಬಂದರೆ ಎಂಜಿನಿಯರ್ ಅನುಮತಿಯಿಲ್ಲದೆ ಯಾವುದೂ ನಡೆಯಬಾರದು.

1995ರ ಜೂನ್ 29ರಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಸಾಂಪೂಂಗ್ ಎಂಬ ಮಳಿಗೆಯ ಕಟ್ಟಡ ಕುಸಿದು 502 ಜನ ಸತ್ತರು. ಅಲ್ಲಿ ತಪ್ಪು ಒಂದೇ ಆಗಿರಲಿಲ್ಲ: ಕಂಬಗಳ ಗಾತ್ರ ತಗ್ಗಿಸಿದ್ದರು, ಮೂಲ ಯೋಜನೆಯಲ್ಲಿಲ್ಲದ ಐದನೆಯ ಮಹಡಿಯನ್ನು ಸೇರಿಸಿದ್ದರು, ಭೋಜನಾಲಯಗಳಿಗೆಂದು ಅದರ ನೆಲವನ್ನು ದಪ್ಪವಾಗಿಸಿದ್ದರು, ಚಾವಣಿಯ ಮೇಲೆ ಭಾರಿ ಹವಾನಿಯಂತ್ರಣ ಯಂತ್ರಗಳನ್ನು ಇಟ್ಟಿದ್ದರು. ಮನೆಯ ಕೆಲಸದ ಅಳತೆ ಅದರ ಮುಂದೆ ಬಹಳ ಚಿಕ್ಕದು. ಆದರೆ ಪ್ರತಿಯೊಂದು ಬದಲಾವಣೆಯೂ ಬಿಡಿಬಿಡಿಯಾಗಿ ಸಣ್ಣದೆನಿಸಿ, ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುವವರು ಯಾರೂ ಇಲ್ಲದಿರುವ ಅಪಾಯ ಮನೆಗೂ ಇದೆ.

ನಿಮ್ಮ ವಿಷಯದಲ್ಲಿ ಹಳೆಯ ಟೈಲ್ಸನ್ನು ತೆಗೆದು ತೆಳುವಾದ ಪದರದ ಮೇಲೆ ಹೊಸದನ್ನು ಹಾಕುವುದು ಒಂದು ದಾರಿ. ನನಗೆ ಹೆಚ್ಚು ಒಪ್ಪಿಗೆಯಾಗುವುದು ವ್ಯತ್ಯಾಸವನ್ನು ಹಾಗೆಯೇ ಉಳಿಸಿ, ತೆರಪಿನ ಜಾಗದಲ್ಲಿ ಇಳಿಜಾರು ಮಾಡುವುದು. 12ಕ್ಕೆ ಒಂದರ ಇಳಿಜಾರಾದರೆ 25 ಮಿಲಿಮೀಟರ್ ಇಳಿಯಲು 30 ಸೆಂಟಿಮೀಟರ್ ಉದ್ದ ಸಾಕು. ಹಿರಿಯರು ಓಡಾಡುವ ಮನೆಯಾದರೆ ಅದನ್ನು 50 ಸೆಂಟಿಮೀಟರಿಗೆ ಹಿಗ್ಗಿಸಿ, ಬೇರೆ ಬಣ್ಣದ ಕಲ್ಲು ಹಾಕಿಸಿ, ಅಲ್ಲಿ ನೆಲ ಬದಲಾಗುತ್ತದೆ ಎಂಬುದು ಕಣ್ಣಿಗೆ ಕಾಣುವಂತಿರಲಿ. ಒಂದು ಇಂಚಿನ ಹೊಸ್ತಿಲನ್ನು ಮಾತ್ರ ಬಿಡಬೇಡಿ, ಎಡವಲು ಅಷ್ಟೇ ಎತ್ತರ ಸಾಕು.

ಒಡೆದ ಗೋಡೆಯ ಅವಶೇಷದ ಬಗ್ಗೆಯೂ ಇಲ್ಲಿಯೇ ಹೇಳಬೇಕು. ನಾಲ್ಕು ಮೀಟರ್ ಉದ್ದ, 2.7 ಮೀಟರ್ ಎತ್ತರ, 15 ಸೆಂಟಿಮೀಟರ್ ದಪ್ಪದ ಇಟ್ಟಿಗೆ ಗೋಡೆ ಸುಮಾರು ಮೂರು ಟನ್ ತೂಗುತ್ತದೆ. ನಿಂತಿದ್ದಾಗ ಉದ್ದಕ್ಕೂ ಹರಡಿದ್ದ ಆ ಭಾರವನ್ನು ಒಡೆದು ಕೋಣೆಯ ನಡುವೆ ಗುಡ್ಡೆ ಹಾಕಿದರೆ ಸ್ಲ್ಯಾಬಿನ ಅತಿ ಸೂಕ್ಷ್ಮ ಭಾಗದ ಮೇಲೆ ಹೇರಿದಂತಾಗುತ್ತದೆ. ಅಂದಂದಿನ ಅವಶೇಷವನ್ನು ಚೀಲಗಳಲ್ಲಿ ತುಂಬಿ ಅಂದಂದೇ ಕೆಳಗಿಳಿಸಬೇಕೆಂದು ಒಪ್ಪಂದದಲ್ಲಿಯೇ ಬರೆಸಿ.

ಪ್ರಶ್ನೆ: ಎರಡು ಮನೆಗಳಿಗೆ ಎರಡು ವಿದ್ಯುತ್ ಮೀಟರುಗಳಿವೆ. ಹಾಗೆಯೇ ಬಿಟ್ಟರೆ ತೊಂದರೆಯಿದೆಯೇ?

ಉತ್ತರ: ಎರಡೂ ಮೀಟರುಗಳನ್ನು ಉಳಿಸಿಕೊಳ್ಳಲು ನಿಯಮ ಅನುಮತಿಸಿದರೆ ಉಳಿಸಿಕೊಳ್ಳಬಹುದು, ಆದರೆ ಆ ಕಡೆಯ ವೈರಿಂಗ್ ಈ ಕಡೆ, ಈ ಕಡೆಯದು ಆ ಕಡೆ ಎಂದಿಗೂ ದಾಟಬಾರದು. ಇದು ಜೀವದ ಪ್ರಶ್ನೆಯಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ದೊಡ್ಡ ಕಟ್ಟಡಗಳಿಗೆ ಮೂರು ಫೇಸಿನ ಸರಬರಾಜು ಬರುತ್ತದೆ, ಫ್ಲ್ಯಾಟುಗಳನ್ನು ಆ ಮೂರಕ್ಕೆ ಹಂಚಿರುತ್ತಾರೆ. ಹಾಗಾಗಿ ಅಕ್ಕಪಕ್ಕದ ಎರಡು ಫ್ಲ್ಯಾಟುಗಳು ಬೇರೆ ಬೇರೆ ಫೇಸಿನಲ್ಲಿರುವ ಸಾಧ್ಯತೆ ಹೆಚ್ಚು. ಮನೆಗೆ 230 ವೋಲ್ಟ್ ಬರುವ ವ್ಯವಸ್ಥೆಯಲ್ಲಿ ಎರಡು ಫೇಸುಗಳ ನಡುವಿನ ಅಂತರ ಸುಮಾರು 400 ವೋಲ್ಟ್. ಕೂಡಿಸಿದ ಹಾಲಿನಲ್ಲಿ ಒಂದು ಸಾಕೆಟ್ ಹಳೆಯ ಮನೆಯ ಬೋರ್ಡಿನಿಂದ, ಅದರ ಪಕ್ಕದ್ದು ಹೊಸ ಮನೆಯ ಬೋರ್ಡಿನಿಂದ ಬಂದಿದ್ದರೆ, ಒಂದು ಮೇನ್ ಸ್ವಿಚ್ ಇಳಿಸಿ ಕೋಣೆಯ ವಿದ್ಯುತ್ ಪೂರ್ತಿ ನಿಂತಿತೆಂದು ಭಾವಿಸಿ ಕೈಹಾಕಿದ ಕೆಲಸಗಾರನ ಗತಿ ಏನಾಗುತ್ತದೆ ಎಂದು ಯೋಚಿಸಿ. ಒಂದು ಮನೆಯ ಫೇಸಿಗೆ ಇನ್ನೊಂದು ಮನೆಯ ನ್ಯೂಟ್ರಲ್ ಜೋಡಿಸುವ ಕೆಟ್ಟ ಅಭ್ಯಾಸವೂ ಕೆಲವು ಕಡೆ ಇದೆ. ಹೋದ ವಿದ್ಯುತ್ ಅದೇ ದಾರಿಯಲ್ಲಿ ಮರಳದ ಕಾರಣ, ವಿದ್ಯುತ್ ಸೋರಿದರೆ ಸಂಪರ್ಕವನ್ನು ತಾನಾಗಿ ಕಡಿದುಹಾಕುವ ಆರ್‌ಸಿಸಿಬಿ ಪದೇಪದೇ ಬೀಳುತ್ತದೆ, ಆಗ ಬೇಸತ್ತು ಅದನ್ನೇ ತೆಗೆದುಹಾಕುವವರಿದ್ದಾರೆ. ಪ್ರಾಣ ಉಳಿಸುವ ಉಪಕರಣವನ್ನು ತೆಗೆಯುವುದಕ್ಕಿಂತ ದೊಡ್ಡ ಅನಾಹುತ ಬೇರೆ ಇಲ್ಲ.

ಖರ್ಚು ಭರಿಸಬಹುದಾದರೆ ಇಡೀ ಮನೆಗೆ ಹೊಸದಾಗಿ ವೈರಿಂಗ್ ಮಾಡಿಸಿ, ಒಂದೇ ಸಂಪರ್ಕಕ್ಕೆ, ಒಂದೇ ವಿತರಣಾ ಬೋರ್ಡಿಗೆ ತನ್ನಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಸದ್ಯಕ್ಕೆ ಎರಡನ್ನೂ ಉಳಿಸಿಕೊಳ್ಳುವುದಾದರೆ ತೆರೆದ ಗೋಡೆಯ ಗೆರೆಯನ್ನೇ ಗಡಿಯೆಂದು ಪಾಲಿಸಿ, ಎರಡೂ ಬೋರ್ಡುಗಳ ಮೇಲೆ ಯಾವ ಯಾವ ಕೋಣೆ ಎಂದು ಬರೆಸಿ ಅಂಟಿಸಿ.

ಪ್ರಶ್ನೆ: ಎರಡನೆಯ ಮುಂಬಾಗಿಲು ಇನ್ನು ಬೇಡ. ಅದನ್ನು ಗೋಡೆ ಕಟ್ಟಿ ಮುಚ್ಚಬಹುದೇ?

ಉತ್ತರ: ಮುಚ್ಚಬೇಡಿ. ಒಂದು ಬಾಗಿಲಿನ ಬಳಿ ಬೆಂಕಿ ಹತ್ತಿಕೊಂಡರೆ ಹೊರಹೋಗಲು ಇನ್ನೊಂದು ದಾರಿ ಇರುವುದು ಕೂಡಿಸಿದ ಮನೆಗೆ ಸಿಕ್ಕಿರುವ ದೊಡ್ಡ ಅನುಕೂಲ. ಮನೆ ಉದ್ದವಾದಷ್ಟೂ ಮೂಲೆಯ ಕೋಣೆಯಿಂದ ಬಾಗಿಲಿಗೆ ದೂರವೂ ಹೆಚ್ಚುತ್ತದೆ. ಆ ಬಾಗಿಲು ಕೀಲಿಕೈ ಹುಡುಕದೆ ಒಳಗಿನಿಂದ ತೆರೆಯುವಂತಿರಲಿ, ಅದರ ಮುಂದೆ ಕಪಾಟು ನಿಲ್ಲಿಸಬೇಡಿ. ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಜೋಡಿಸಿದ ಹೊಗೆ ಎಚ್ಚರಿಕೆ ಗಂಟೆಗಳನ್ನು ಎರಡೂ ಭಾಗಗಳಲ್ಲಿ ಹಾಕಿಸಿ.

ಪ್ರಶ್ನೆ: ಎರಡೂ ಫ್ಲ್ಯಾಟುಗಳು ನಮ್ಮವೇ. ಹಾಗಿರುವಾಗ ನಡುವಿನ ಗೋಡೆ ತೆಗೆಯಲು ಯಾರ ಅನುಮತಿ ಬೇಕು? ಒಂದರ ಮೇಲೆ ಇನ್ನೂ ಸಾಲವಿದೆ.

ಉತ್ತರ: ಗೋಡೆಯ ಎರಡೂ ಬದಿ ನಿಮ್ಮದಾದ ಮಾತ್ರಕ್ಕೆ ಗೋಡೆಯೂ ನಿಮ್ಮದೆಂದು ಹೇಳಲಾಗದು. ಬಹಳಷ್ಟು ಕಡೆ ಕಂಬ, ಬೀಮು, ಸ್ಲ್ಯಾಬು, ಮನೆಗಳ ನಡುವಿನ ಗೋಡೆ, ನೇರ ಪೈಪುಗಳು ಎಲ್ಲ ನಿವಾಸಿಗಳ ಸಾಮಾನ್ಯ ಆಸ್ತಿ. ಆದ್ದರಿಂದ ನಿವಾಸಿಗಳ ಸಂಘದ ಲಿಖಿತ ಒಪ್ಪಿಗೆ ಬೇಕು, ಕಟ್ಟಡ ಅನುಮತಿ ನೀಡುವ ಸ್ಥಳೀಯ ಕಚೇರಿಯ ಅನುಮತಿಯೂ ಬೇಕಾಗಬಹುದು. ಸಾಲ ಕೊಟ್ಟ ಬ್ಯಾಂಕಿಗೆ ಅಡಮಾನವಾಗಿರುವುದು ಒಂದು ಪೂರ್ಣ, ಪ್ರತ್ಯೇಕ ಮನೆ. ಅವರಿಗೆ ತಿಳಿಸದೆ ಅದನ್ನು ಬೇರೊಂದು ಮನೆಯ ಭಾಗವಾಗಿಸಿದರೆ ಸಾಲದ ಕರಾರನ್ನು ಮುರಿದಂತಾಗುವ ಸಂಭವವಿದೆ. ವಿಮೆಯ ಕಂಪನಿಗೂ ಕೆಲಸದ ಮೊದಲೇ ಬರೆದು ತಿಳಿಸಿ.

ಗೋಡೆ ತೆರೆದ ಮಾತ್ರಕ್ಕೆ ಕಾಗದದಲ್ಲಿ ಎರಡು ಮನೆ ಒಂದಾಗುವುದಿಲ್ಲ. ಕ್ರಯಪತ್ರ, ತೆರಿಗೆ ಖಾತೆ, ನಿರ್ವಹಣಾ ಶುಲ್ಕ, ಸಂಘದಲ್ಲಿನ ಮತ ಎಲ್ಲವೂ ಎರಡಾಗಿಯೇ ಮುಂದುವರಿಯುತ್ತವೆ. ಅವನ್ನೂ ಒಂದು ಮಾಡಿಸಬೇಕೇ ಎಂದು ಕೆಲವರು ಕೇಳಿದ್ದಾರೆ. ನಿಯಮ ಒತ್ತಾಯಿಸದಿದ್ದರೆ ಬೇಡ ಎನ್ನುತ್ತೇನೆ. ಮಾರುವ ಸಂದರ್ಭ ಬಂದರೆ ಅಷ್ಟು ದೊಡ್ಡ ಫ್ಲ್ಯಾಟನ್ನು ಕೊಳ್ಳಬಲ್ಲವರು ಕಡಿಮೆ, ಎರಡು ಸಾಧಾರಣ ಮನೆಗಳಿಗೆ ಕೊಳ್ಳುವವರು ಹೆಚ್ಚು. ಮಕ್ಕಳಿಗೆ ಪಾಲು ಮಾಡುವಾಗಲೂ ಎರಡು ಪತ್ರಗಳಿದ್ದರೆ ಸಲೀಸು. ಎಂಜಿನಿಯರ್ ವರದಿ, ಅನುಮತಿ ಪತ್ರಗಳು, ಕೆಲಸದ ಮೊದಲಿನ ಮತ್ತು ನಂತರದ ನಕ್ಷೆಗಳನ್ನು ಕ್ರಯಪತ್ರಗಳ ಜೊತೆಯಲ್ಲಿಯೇ ಇಡಿ.

ಪ್ರಶ್ನೆ: ನನ್ನ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ನಮ್ಮ ಮೇಲಿನ ಮಹಡಿಯವರು ಎರಡು ಫ್ಲ್ಯಾಟುಗಳನ್ನು ಕೂಡಿಸುತ್ತಿದ್ದಾರೆ. ಕೆಲಸ ಇನ್ನೇನು ಶುರುವಾಗಲಿದೆ. ಜಗಳವಾಡಲು ಇಷ್ಟವಿಲ್ಲ, ಆದರೆ ಭಯವಾಗುತ್ತಿದೆ. ನಾನು ಏನನ್ನು ಕೇಳಬಹುದು?

ಉತ್ತರ: ಈ ಪತ್ರ ಬರೆದದ್ದಕ್ಕೆ ನಿಮಗೆ ವಂದನೆಗಳು. ಇಂಥ ಕೆಲಸದಲ್ಲಿ ಕೆಳಗಿನ ಮನೆಯವರ ಮಾತು ಕೇಳಿಸುವುದೇ ಅಪರೂಪ. ಎಂಜಿನಿಯರ್ ಸಹಿ ಮಾಡಿದ ವರದಿಯ ಪ್ರತಿಯನ್ನೂ, ಯಾವ ಗೋಡೆಯಲ್ಲಿ ಎಷ್ಟು ಅಗಲದ ತೆರಪು ಬರುತ್ತದೆ ಎಂದು ತೋರಿಸುವ ನಕ್ಷೆಯನ್ನೂ, ಒಡೆಯುವ ಕೆಲಸ ಯಾವ ದಿನಗಳಲ್ಲಿ ಯಾವ ಹೊತ್ತಿನಲ್ಲಿ ನಡೆಯುತ್ತದೆ ಎಂಬ ಪಟ್ಟಿಯನ್ನೂ ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು. ಅವರ ಹೊಸ ಯೋಜನೆಯಲ್ಲಿ ನಿಮ್ಮ ಮಲಗುವ ಕೋಣೆಯ ಮೇಲೆ ಅಡುಗೆಮನೆಯೋ ಹಾಲೋ ಬರುತ್ತದೆಯೇ ಎಂಬುದನ್ನು ಈಗಲೇ ನೋಡಿಕೊಳ್ಳಿ. ಬರುವುದಾದರೆ ಟೈಲ್ಸಿನ ಕೆಳಗೆ ಸದ್ದು ತಡೆಯುವ ಪದರ ಹಾಕಿಸಲು ಕೇಳಬೇಕಾದ ಸಮಯ ಇದೇ, ನೆಲ ಮುಗಿದ ಮೇಲೆ ಅದಕ್ಕೆ ದಾರಿಯಿಲ್ಲ. ಕಟ್ಟಡ ಹಳೆಯದಾದರೆ, ಒಡೆಯುವ ವಸ್ತುಗಳಲ್ಲಿ ಆಸ್ಬೆಸ್ಟಾಸ್ ಇಲ್ಲವೆಂದು ಪರೀಕ್ಷಿಸಿದ್ದಾರೆಯೇ ಎಂದೂ ವಿಚಾರಿಸಿ. ಅದರ ದೂಳು ಶ್ವಾಸಕೋಶಕ್ಕೆ ಮಾಡುವ ಕೇಡು ದಶಕಗಳ ನಂತರ ತೋರುತ್ತದೆ.

ಕೆಲಸ ಶುರುವಾಗುವ ಮೊದಲು ನಿಮ್ಮ ಎಲ್ಲ ಕೋಣೆಗಳ ಚಾವಣಿ ಮತ್ತು ಗೋಡೆಗಳ ಫೋಟೊಗಳನ್ನು ತೆಗೆದು, ಮೇಲಿನ ಮನೆಯವರಿಗೂ ಸಂಘಕ್ಕೂ ಅಂದೇ ಕಳುಹಿಸಿ. ಆಗಲೇ ಇರುವ ಬಿರುಕುಗಳ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಬಿರುಕು ಗೆರೆ ದಾಟಿದರೆ ಅದು ಬೆಳೆದಿದೆ ಎಂದು ಯಾರೂ ಅಲ್ಲಗಳೆಯಲಾರರು. ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡರೆ ಗಾಬರಿ ಬೇಡ, ಅದು ಕಂಪನದಿಂದ ಬಂದದ್ದಿರಬಹುದು. ಓರೆಯಾಗಿ ಸಾಗಿ ದಿನದಿನಕ್ಕೆ ಅಗಲವಾಗುವ ಬಿರುಕು, ಚೆನ್ನಾಗಿ ಮುಚ್ಚುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಬೀಮಿನ ಬದಿಯಿಂದ ಕಾಂಕ್ರೀಟ್ ಚೂರು ಉದುರುವುದು ಕಂಡರೆ ಮಾತ್ರ ಕೂಡಲೇ ಕೆಲಸ ನಿಲ್ಲಿಸಲು ಹೇಳಿ, ಎಂಜಿನಿಯರ್ ಬಂದು ನೋಡುವವರೆಗೆ ಆ ಕೋಣೆಯಲ್ಲಿ ಯಾರೂ ಇರಬೇಡಿ.

ಅವರು ಬಚ್ಚಲನ್ನು ಹೊಸದಾಗಿ ಮಾಡಿಸುತ್ತಿದ್ದರೆ, ಟೈಲ್ಸ್ ಹಾಕುವ ಮೊದಲು ನೀರು ತಡೆಯುವ ಲೇಪನದ ಮೇಲೆ ಕನಿಷ್ಠ 24 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸುತ್ತಾರೆ. ಆ ದಿನವನ್ನು ನಿಮಗೆ ಮುಂಚಿತವಾಗಿ ತಿಳಿಸುವಂತೆ ಕೇಳಿ, ಮರುದಿನ ಅವರ ಮೇಸ್ತ್ರಿಯನ್ನು ನಿಮ್ಮ ಮನೆಗೆ ಕರೆದು ಇಬ್ಬರೂ ಸೇರಿ ಚಾವಣಿಯನ್ನು ನೋಡಿ. ಕಲೆ ಬಂದರೆ ದುರಸ್ತಿಯ ಮತ್ತು ಬಣ್ಣದ ಖರ್ಚು ಯಾರದು ಎಂಬುದನ್ನು ಕೆಲಸ ಆರಂಭವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದು, ಎರಡೂ ಮನೆಯವರು ಸಹಿ ಮಾಡಿ, ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳಿ.